‘ಎಲ್ಲವೂ ಸುಳ್ಳು’ ಎಂಬ ತಕರಾರು

ವಿಚ್ಛೇದನದ ಕೇಸು ನಡೆಯುತ್ತಿದೆ. ಅಷ್ಟರಲ್ಲಿ ಗಂಡ ಸೈಟು ಮಾರಿಬಿಟ್ಟಾನೆಂದು ಹೆಂಡತಿ ತಡೆಯಾಜ್ಞೆ ಕೋರಿ ಮಧ್ಯಂತರ ಅರ್ಜಿ ಹಾಕುತ್ತಾಳೆ. ಅದಕ್ಕೆ ಬರುವ ತಕರಾರು ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ: ಅರ್ಜಿಯಲ್ಲಿ ಹೇಳಿದ್ದೆಲ್ಲ ಸುಳ್ಳು, ಕಪೋಲಕಲ್ಪಿತ. ಆಮೇಲೆ ಪುಟಗಟ್ಟಲೆ ಅವಳ ನಡತೆ, ಅತ್ತೆಯೊಡನೆ ಜಗಳ, ತವರಿನವರ ದುರಾಸೆ. ಕ್ರಯಪತ್ರ ಯಾರ ಹೆಸರಿನಲ್ಲಿದೆ, ದುಡ್ಡು ಯಾವ ಖಾತೆಯಿಂದ ಹೋಯಿತು, ಸಾಲದ ಕಂತು ಯಾರು ಕಟ್ಟಿದರು ಎಂಬುದಕ್ಕೆ ಒಂದು ಸಾಲೂ ಇಲ್ಲ. ಅರ್ಜಿ ಹಾಕಿದವನು ಗಂಡನಾದರೆ ಹೆಂಡತಿಯ ತಕರಾರೂ ಇದೇ ಅಚ್ಚಿನದು.

ಬರಹವಾಗಿ ಇದು ಸಪ್ಪೆ, ಕಾನೂನಿನ ಕಣ್ಣಿಗೆ ಅಪಾಯಕಾರಿ. ದಾವೆಯಲ್ಲಿ ನಿರ್ದಿಷ್ಟವಾಗಿ ಅಲ್ಲಗಳೆಯದ ಸಂಗತಿಯನ್ನು ಒಪ್ಪಿಕೊಂಡಂತೆ ಎನ್ನುತ್ತದೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆದೇಶದ 5ನೇ ನಿಯಮ. ಮಧ್ಯಂತರ ಅರ್ಜಿಗೂ ಅದೇ ಶಿಸ್ತಿನಿಂದ ಕಂಡಿಕೆವಾರು ಉತ್ತರಿಸಿದರೆ ನ್ಯಾಯಾಧೀಶರಿಗೆ ಹಿಡಿಯಲು ಏನಾದರೂ ಸಿಗುತ್ತದೆ.

ಆದರೆ ತಪ್ಪೆಲ್ಲ ವಕೀಲರ ತಲೆಗೆ ಕಟ್ಟುವಂತಿಲ್ಲ. ಗೋವಾದಂಥ ಒಂದೆರಡು ಕಡೆ ಬಿಟ್ಟರೆ, ಮದುವೆಯಾದ ಮೇಲೆ ಗಳಿಸಿದ್ದು ಇಬ್ಬರದೂ ಎನ್ನುವ ಕಾನೂನು ನಮ್ಮಲ್ಲಿಲ್ಲ. ಹಿಂದೂ ವಿವಾಹ ಕಾಯ್ದೆಯ 27ನೇ ಕಲಂ ಮುಟ್ಟುವುದು ಮದುವೆಯ ಹೊತ್ತಿನಲ್ಲಿ ಬಂದ, ಇಬ್ಬರಿಗೂ ಸೇರಿದ ಸ್ವತ್ತನ್ನು ಮಾತ್ರ. ಉಳಿದದ್ದಕ್ಕೆ ಪತ್ರದಲ್ಲಿರುವ ಹೆಸರೇ ಮೊದಲ ಮಾತು. ಹದಿನೈದು ವರ್ಷ ಮನೆ ನಡೆಸಿದವಳ ದುಡಿಮೆಗೆ ರಸೀದಿ ಎಲ್ಲಿಂದ ಬರಬೇಕು? ಹಾಗಾಗಿ ಅರ್ಜಿಯೂ ಕಣ್ಣೀರಿನ ಮೇಲೆ ನಿಲ್ಲುತ್ತದೆ, ಉತ್ತರವೂ ಕೆಸರಿನ ಮೇಲೆ.

ಇದಕ್ಕೆ ಮದ್ದು ಬಂದದ್ದು ಪಕ್ಕದ ಓಣಿಯಿಂದ. 2020ರ ನವೆಂಬರ್ 4ರಂದು ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶದ ಅರ್ಜಿಗಳಲ್ಲಿ ಇಬ್ಬರೂ ಆದಾಯ, ಆಸ್ತಿ, ಸಾಲಗಳನ್ನು ನಿಗದಿತ ನಮೂನೆಯ ಪ್ರಮಾಣಪತ್ರದಲ್ಲಿ ಬಿಚ್ಚಿಡಬೇಕೆಂದಿತು. ಎದುರುದಾರರಿಗೆ ಹೆಚ್ಚೆಂದರೆ ನಾಲ್ಕು ವಾರ. ಬೇಕೆಂದೇ ಎಳೆದಾಡಿದರೆ ಪ್ರತಿವಾದವನ್ನೇ ತೆಗೆದುಹಾಕಬಹುದು. ಕೃಷಿಕರಿಗೆಂದು ಬೇರೆ ನಮೂನೆಯನ್ನೇ ಕೊಟ್ಟದ್ದು ಆ ತೀರ್ಪಿನ ಜಾಣತನ. ಸ್ವತ್ತಿನ ತಡೆಯಾಜ್ಞೆಯ ಅರ್ಜಿಗೂ ಕೌಟುಂಬಿಕ ನ್ಯಾಯಾಲಯಗಳು ಮೊದಲ ದಿನವೇ ಇಂಥದೊಂದು ಪಟ್ಟಿ ಕೇಳಬೇಕು. ನಡತೆಯ ಪುರಾಣಕ್ಕೆ ವಿಚ್ಛೇದನದ ಮೂಲ ಅರ್ಜಿಯಲ್ಲಿ ಬೇಕಾದಷ್ಟು ಜಾಗವಿದೆ.

ಅಲ್ಲಿಯವರೆಗೆ, ತಕರಾರು ಸಲ್ಲಿಸಬೇಕಾದವರು ಋಣಭಾರ ಪತ್ರ, ಕ್ರಯಪತ್ರ, ಸಾಲದ ಲೆಕ್ಕವನ್ನು ವಕೀಲರ ಮೇಜಿನ ಮೇಲಿಟ್ಟು ಮಾತು ಶುರುಮಾಡಿ. ಪ್ರಮಾಣಪತ್ರದ ಕೆಳಗಿನ ಸಹಿ ನಿಮ್ಮದು. ಓದದೆ ಹಾಕಬೇಡಿ.