ಹಸುಗೂಸಿನ ಪಾಪ, ದಾಸನ ಬೆಲೆ

415ರಲ್ಲಿ ಉತ್ತರ ಆಫ್ರಿಕಾದ ಹಿಪ್ಪೋ ಪಟ್ಟಣದ ಬಿಷಪ್ ಆಗಸ್ಟೀನ್ ಬರೆದ ಉದ್ದನೆಯ ಪತ್ರವೊಂದನ್ನು ಹೊತ್ತು ಒರೋಸಿಯಸ್ ಎಂಬ ತರುಣ ಪಾದ್ರಿ ಬೆತ್ಲೆಹೇಮಿಗೆ ಹೊರಟ. ಪತ್ರ ತಲುಪಬೇಕಿದ್ದದ್ದು ಅಲ್ಲಿ ಮಠದಲ್ಲಿ ನೆಲೆಸಿದ್ದ ಮಹಾವಿದ್ವಾಂಸ ಜೆರೋಮ್‌ಗೆ. ಹುಟ್ಟುವ ಪ್ರತಿ ಮಗುವಿಗೂ ದೇವರು ಹೊಸ ಆತ್ಮವನ್ನೇ ಸೃಷ್ಟಿಸಿ ಕೊಡುತ್ತಾನೆ ಎಂಬುದು ಜೆರೋಮ್‌ನ ನಿಲುವು. ಅದೇ ನಿಜವಾಗಿರಲಿ ಎಂಬ ಆಸೆ ಆಗಸ್ಟೀನ್‌ಗೂ ಇತ್ತು. ಆದರೆ ಆಗತಾನೇ ದೇವರ ಕೈಯಿಂದ ಬಂದ ಆತ್ಮಕ್ಕೆ ಮೊದಲ ಮನುಷ್ಯ ಆದಾಮನ ಪಾಪ ಅಂಟಿಕೊಳ್ಳುವುದು ಹೇಗೆ? ದೀಕ್ಷಾಸ್ನಾನಕ್ಕೆ ಮುಂಚೆಯೇ ಕಣ್ಣು ಮುಚ್ಚಿದ ಕೂಸು ದಂಡನೆಗೆ ಗುರಿಯಾಗುವುದು ಯಾವ ನ್ಯಾಯ? ಕಾಲ ಚೆನ್ನಾಗಿಲ್ಲ, ಈಗ ಮೌನವೇ ಲೇಸು ಎಂಬಂಥ ಉತ್ತರ ಕೊಟ್ಟು ಜೆರೋಮ್ ನುಣುಚಿಕೊಂಡ. ಆಗಸ್ಟೀನ್ ಕಾದ, ಜೆರೋಮ್ ಬದುಕಿರುವವರೆಗೂ ಆ ಪತ್ರವನ್ನು ಪ್ರಕಟಿಸಲಿಲ್ಲ. ಮುಪ್ಪಿನಲ್ಲಿ ತನ್ನ ಪುಸ್ತಕಗಳನ್ನೆಲ್ಲ ಮತ್ತೆ ತಿರುವಿಹಾಕಿದಾಗಲೂ, ಆತ್ಮದ ಮೂಲ ತನಗೆ ಅಂದೂ ತಿಳಿದಿರಲಿಲ್ಲ, ಇಂದೂ ತಿಳಿದಿಲ್ಲ ಎಂದು ಒಪ್ಪಿಕೊಂಡ.

ಅಷ್ಟು ದೊಡ್ಡ ಪಂಡಿತ ಗೊತ್ತಿಲ್ಲ ಎಂದದ್ದು ಸಣ್ಣ ಮಾತಲ್ಲ. ಆದರೆ ಆತನ ಸಂಶಯವೆಲ್ಲ ಆತ್ಮ ಬರುವ ಬಗೆಯ ಮೇಲಿತ್ತು. ಕೂಸಿನ ಅಪರಾಧದ ಬಗ್ಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ತೀರ್ಪು ಮೊದಲೇ ಆಗಿಹೋಗಿತ್ತು. ಆತ್ಮದ ಹುಟ್ಟನ್ನು ಆ ತೀರ್ಪಿಗೆ ಹೊಂದಿಸುವುದಷ್ಟೇ ಉಳಿದಿತ್ತು. ಪಾಶ್ಚಾತ್ಯ ಕ್ರೈಸ್ತ ಪರಂಪರೆ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡ ರೀತಿಯಲ್ಲೇ ದೋಷವಿದೆ ಎಂದು ನಾನು ಹೇಳುವುದು ಇದಕ್ಕೇ: ಮನುಷ್ಯ ಯಾರು ಎಂದು ಕೇಳಬೇಕಾದ ಕಡೆ ಅದು ಪಾಪ ಯಾವ ದಾರಿಯಲ್ಲಿ ಬಂತು ಎಂದು ಕೇಳಿತು. ಹಸುಗೂಸುಗಳನ್ನು ಹಿಂಸಿಸುವ ದೇವರು ನ್ಯಾಯವಂತನಾಗಲಾರ ಎಂದು ಇಟಲಿಯ ಎಕ್ಲಾನಮ್‌ನ ಬಿಷಪ್ ಜೂಲಿಯನ್ ಅಂದೇ ವಾದಿಸಿದ್ದ. ಆತ ಪೀಠವನ್ನೂ ಊರನ್ನೂ ಕಳೆದುಕೊಂಡ.

ಈ ತೀರ್ಪಿನ ಭಾರ ಪಂಡಿತರ ಮೇಲೆ ಬೀಳಲಿಲ್ಲ. ಐರ್ಲೆಂಡಿನ ಹಳ್ಳಿಗಾಡಿನಲ್ಲಿ ಇಂದಿಗೂ ಕಿಲ್ಲೀನ್ ಎಂಬ ಜಾಗಗಳು ಕಾಣಸಿಗುತ್ತವೆ. ದೀಕ್ಷಾಸ್ನಾನವಿಲ್ಲದೆ ಸತ್ತ ಮಕ್ಕಳನ್ನು ಚರ್ಚಿನ ಪವಿತ್ರ ನೆಲದಲ್ಲಿ ಹೂಳುವಂತಿರಲಿಲ್ಲ. ಹೊಲದ ಅಂಚಿನಲ್ಲೋ, ಪಾಳುಬಿದ್ದ ಕೋಟೆಯ ದಿಬ್ಬದಲ್ಲೋ, ಕಡಲ ದಂಡೆಯಲ್ಲೋ ಹೆಸರು ಕೆತ್ತದ ಒರಟು ಕಲ್ಲು ನೆಟ್ಟು ಮಣ್ಣು ಮಾಡುತ್ತಿದ್ದರು. ಇಪ್ಪತ್ತನೇ ಶತಮಾನದಲ್ಲೂ ಈ ವಾಡಿಕೆ ನಡೆದಿತ್ತು. ಅಂಥ ಮಕ್ಕಳಿಗೂ ಮುಕ್ತಿಯುಂಟೆಂದು ಆಶಿಸಲು ಬಲವಾದ ಕಾರಣಗಳಿವೆ ಎಂದು ವ್ಯಾಟಿಕನ್ನಿನ ದೈವಶಾಸ್ತ್ರ ಆಯೋಗ ಹೇಳಿದ್ದು 2007ರಲ್ಲಿ. ಒರೋಸಿಯಸ್ ಪತ್ರ ಹೊತ್ತು ಹೊರಟು ಆಗಲೇ ಸುಮಾರು ಹದಿನಾರು ಶತಮಾನ ಕಳೆದಿತ್ತು.

ಆತ್ಮ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಬೇರೆ ಉತ್ತರಗಳೂ ಇದ್ದವು. ಕಾರ್ಥೇಜಿನ ಟೆರ್ಟುಲಿಯನ್ ಮೂರನೇ ಶತಮಾನದ ಆರಂಭದಲ್ಲಿ ಸೊರಾನಸ್ ಎಂಬ ವೈದ್ಯನ ಬರಹಗಳನ್ನು ಆಧಾರವಾಗಿಟ್ಟುಕೊಂಡು, ಆತ್ಮವೂ ಒಂದು ಬಗೆಯ ಸೂಕ್ಷ್ಮ ದೇಹವೇ, ತಂದೆಯ ಬೀಜದ ಮೂಲಕ ಆದಾಮನಿಂದ ಪೀಳಿಗೆ ಪೀಳಿಗೆಗೆ ಇಳಿದುಬರುತ್ತದೆ ಎಂದ. ಪಾಪ ಹರಿದುಬರುವುದನ್ನು ವಿವರಿಸಲು ಇದು ಸಲೀಸು. ಮುಂದೆ ಪ್ರೊಟೆಸ್ಟಂಟ್ ಸುಧಾರಕ ಲೂಥರ್ ಕೂಡ ಇತ್ತ ವಾಲಿದ.

ಅಲೆಕ್ಸಾಂಡ್ರಿಯದ ಒರಿಗೆನ್‌ನ ಉತ್ತರ ಇನ್ನೂ ದಿಟ್ಟ. ಮೊದಲಿಗೆ ಎಲ್ಲ ಚೇತನಗಳೂ ಸಮಾನ. ದೇವರಿಂದ ಎಷ್ಟು ದೂರ ಸರಿದವೋ ಅದಕ್ಕೆ ತಕ್ಕ ದೇಹ, ತಕ್ಕ ಹುಟ್ಟು. ಒಬ್ಬ ಕುರುಡನಾಗಿ, ಇನ್ನೊಬ್ಬ ಅರಸನಾಗಿ ಹುಟ್ಟುವುದಕ್ಕೆ ದೇವರ ಪಕ್ಷಪಾತ ಕಾರಣವಲ್ಲ, ಹಿಂದಿನ ಆಯ್ಕೆ ಕಾರಣ. ಕನ್ನಡದ ಓದುಗರಿಗೆ ಇದು ಕರ್ಮಸಿದ್ಧಾಂತದಂತೆ ಕೇಳಿಸುವುದು ಸಹಜ. ಆದರೆ ಆತ್ಮ ದೇಹದಿಂದ ದೇಹಕ್ಕೆ ಅಲೆಯುತ್ತದೆ ಎಂಬುದನ್ನು ಒರಿಗೆನ್ ಮತ್ತಾಯನ ಸುವಾರ್ತೆಯ ವ್ಯಾಖ್ಯಾನದಲ್ಲಿ ನಿರಾಕರಿಸಿದ್ದಾನೆ. 543ರಲ್ಲಿ ಚಕ್ರವರ್ತಿ ಜಸ್ಟೀನಿಯನ್ ಆತನ ಬೋಧನೆಯನ್ನು ಖಂಡಿಸಿ ಶಾಸನ ಹೊರಡಿಸಿದ. ಹತ್ತು ವರ್ಷದ ನಂತರ ಕಾನ್‌ಸ್ಟಾಂಟಿನೋಪಲ್‌ನ ಧರ್ಮಸಮ್ಮೇಳನವೂ ಆತನನ್ನು ಪಾಷಂಡಿಗಳ ಸಾಲಿಗೆ ಸೇರಿಸಿತು. ಸತ್ತವನ ಮೇಲೆ ಮೂರು ಶತಮಾನ ಕಳೆದು ನಡೆಸಿದ ಆ ವಿಚಾರಣೆ ನನಗೆ ಒಪ್ಪಿಗೆಯಿಲ್ಲ. ಹಾಗೆಂದು ಆತನ ಉತ್ತರವೂ ಒಪ್ಪಿಗೆಯಿಲ್ಲ. ಅದು ದೇವರನ್ನು ಆಪಾದನೆಯಿಂದ ಬಿಡಿಸುತ್ತದೆ, ಕುರುಡನನ್ನು ಅವನ ಕುರುಡುತನಕ್ಕೆ ಹೊಣೆ ಮಾಡುತ್ತದೆ. ಹುಟ್ಟಿಗೆ ಹಿಂದಿನ ಲೆಕ್ಕ ಕಟ್ಟಿದರೆ ಯಾರು ಯಾರ ಕಾಲಡಿ ಬೀಳುತ್ತಾರೆಂದು ನಮ್ಮ ನೆಲದಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಈ ಇಡೀ ಪರಂಪರೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಒಬ್ಬ ಅಕ್ಕ, ಒಬ್ಬ ತಮ್ಮ. ಇಂದಿನ ಟರ್ಕಿಯ ಐರಿಸ್ ನದಿಯ ಬಳಿ, 379ರ ಹೊತ್ತಿಗೆ, ಮ್ಯಾಕ್ರಿನಾ ಸಾವಿನ ಹಾಸಿಗೆಯಲ್ಲಿದ್ದಳು. ಅಣ್ಣ ಬೆಸಿಲ್‌ನ ಸಾವಿನಿಂದ ಕುಗ್ಗಿಹೋಗಿದ್ದ ತಮ್ಮ, ನಿಸ್ಸಾದ ಬಿಷಪ್ ಗ್ರೆಗರಿ, ಅವಳನ್ನು ನೋಡಲು ಬಂದ. ಅವರಿಬ್ಬರ ಮಾತುಕತೆಯನ್ನು ಆತ ಮುಂದೆ ಗ್ರಂಥವಾಗಿಸಿದಾಗ ಅಕ್ಕನನ್ನು ಉದ್ದಕ್ಕೂ ಗುರು ಎಂದೇ ಕರೆದ. ಆತ್ಮ ಮೊದಲಲ್ಲ, ದೇಹ ಮೊದಲಲ್ಲ, ಎರಡೂ ಒಟ್ಟಿಗೇ ಶುರುವಾಗುತ್ತವೆ ಎನ್ನುತ್ತಾಳೆ ಆ ಗುರು. ಹುಟ್ಟುವ ಮುಂಚಿನ ಅಪರಾಧಕ್ಕೆ ಅಲ್ಲಿ ಜಾಗವೇ ಇಲ್ಲ. ದೇವರು ಮನುಷ್ಯನನ್ನು ತನ್ನ ಸ್ವರೂಪದಲ್ಲಿ ಸೃಷ್ಟಿಸಿದ ಎನ್ನುತ್ತದೆ ಬೈಬಲಿನ ಆದಿಕಾಂಡ. ಆ ಸ್ವರೂಪವೂ ಗ್ರೆಗರಿಯ ಪಾಲಿಗೆ ಮೊದಲ ಮನುಷ್ಯನಿಂದ ಕೊನೆಯ ಮನುಷ್ಯನವರೆಗಿನ ಇಡೀ ಮಾನವಕುಲಕ್ಕೆ ಸೇರಿದ್ದು.

ಹೀಗೆ ನಂಬಿದವನು ಏನು ಮಾತಾಡಬಲ್ಲ ಎಂಬುದಕ್ಕೆ ಬೈಬಲಿನ ಪ್ರಸಂಗಿ ಗ್ರಂಥದ ಮೇಲೆ ಆತ ಮಾಡಿದ ನಾಲ್ಕನೆಯ ಉಪದೇಶ ಸಾಕ್ಷಿ. ದಾಸದಾಸಿಯರನ್ನು ಕೊಂಡುಕೊಂಡೆ ಎಂದು ಆ ಗ್ರಂಥದ ಸಿರಿವಂತ ಹೇಳಿಕೊಳ್ಳುವ ಕಡೆ ಗ್ರೆಗರಿ ನಿಂತುಬಿಡುತ್ತಾನೆ. ಎಷ್ಟು ಕಾಸು ಕೊಟ್ಟೆ? ದೇವರ ಸ್ವರೂಪಕ್ಕೆ ಬೆಲೆ ಕಟ್ಟಿದ್ದು ಯಾವ ತಕ್ಕಡಿಯಲ್ಲಿ? ಕ್ರಯಪತ್ರದ ಚೂರು ಕಾಗದ ಕೈಗೆ ಬಂದರೆ ಮನುಷ್ಯನೊಬ್ಬನ ಒಡೆಯನಾಗಿಬಿಟ್ಟೆಯಾ? ದಾಸ್ಯವನ್ನು ಬುಡಸಮೇತ ಹೀಗೆ ಪ್ರಶ್ನಿಸಿದ ಮಾತು ಪ್ರಾಚೀನ ಲೋಕದಲ್ಲಿ ತೀರಾ ವಿರಳ. ಇದಕ್ಕೆ ಬೇರು ಮನೆಯಲ್ಲೇ ಇತ್ತೆಂದು ನನಗನ್ನಿಸುತ್ತದೆ. ಮ್ಯಾಕ್ರಿನಾ ತಾಯಿಯನ್ನು ಒಪ್ಪಿಸಿ ಮನೆಯ ದಾಸಿಯರೊಂದಿಗೆ ಅಕ್ಕತಂಗಿಯರಂತೆ ಬಾಳಿದ್ದಳು. ಎಲ್ಲರಿಗೂ ಒಂದೇ ಊಟ, ಒಂದೇ ಬಗೆಯ ಹಾಸಿಗೆ.

ಪಶ್ಚಿಮದಲ್ಲಿ ಸ್ವರೂಪದ ವಿಚಾರ ಬೇರೆ ಕಡೆ ತಿರುಗಿತು. ಆಗಸ್ಟೀನ್ ಅದನ್ನು ಮನಸ್ಸಿನೊಳಗೆ ಹುಡುಕಿದ: ನೆನಪು, ಅರಿವು, ಇಚ್ಛೆ. ಹುಡುಕಾಟ ಸೊಗಸಾದದ್ದೇ. ಆದರೆ ಸ್ವರೂಪವೆಂದರೆ ಬುದ್ಧಿ ಎಂದಾದ ಮೇಲೆ ಯಾರಿಗೆ ಎಷ್ಟು ಬುದ್ಧಿ ಎಂಬ ಮಾತು ಬಂದೇ ಬರುತ್ತದೆ. ಹದಿಮೂರನೇ ಶತಮಾನದ ಥಾಮಸ್ ಅಕ್ವಿನಾಸ್ ಈ ಸ್ವರೂಪ ಗಂಡುಹೆಣ್ಣು ಇಬ್ಬರಲ್ಲೂ ಇದೆ ಎನ್ನುತ್ತಾನೆ, ಮರುಗಳಿಗೆಯೇ ಒಂದು ಅರ್ಥದಲ್ಲಿ ಅದು ಗಂಡಿನಲ್ಲಿ ಮಾತ್ರ ಇದೆ ಎಂದು ಸೇರಿಸುತ್ತಾನೆ. ವಿವೇಕವುಳ್ಳ ಆತ್ಮವನ್ನು ದೇವರೇ ಸೃಷ್ಟಿಸುತ್ತಾನೆ ಎಂಬ ಆತನ ನಿಲುವು ಗಟ್ಟಿಯಾಗಿ ನಿಂತಿತು. 1950ರಲ್ಲಿ ಹನ್ನೆರಡನೇ ಪಯಸ್ ಪೋಪ್ ದೇಹದ ವಿಕಾಸದ ಬಗ್ಗೆ ಚರ್ಚೆಗೆ ಅವಕಾಶ ಕೊಟ್ಟಾಗಲೂ ಆತ್ಮವನ್ನು ಅದರಿಂದ ಹೊರಗಿಟ್ಟ.

ದಾಸ್ಯದ ಬಗ್ಗೆ ಆಗಸ್ಟೀನ್ ಬರೆದದ್ದನ್ನು ಗ್ರೆಗರಿಯ ಉಪದೇಶದ ಪಕ್ಕಕ್ಕಿಟ್ಟು ಓದಬೇಕು. ಸೃಷ್ಟಿಯಲ್ಲಿ ಯಾರೂ ದಾಸರಲ್ಲ ಎಂದು ಆತನೂ ಒಪ್ಪುತ್ತಾನೆ. ಆದರೆ ಈಗಿರುವ ದಾಸ್ಯ ಪಾಪಕ್ಕೆ ಸಂದ ದಂಡನೆ ಎಂದು ವಿವರಿಸಿ, ಒಡೆಯರಿಗೆ ವಿಧೇಯರಾಗಿರಿ ಎನ್ನುತ್ತಾನೆ. ಕೂಸನ್ನು ಹಿಡಿದ ತರ್ಕವೇ ದಾಸನನ್ನೂ ಹಿಡಿಯಿತು. 1537ರಲ್ಲಿ ಮೂರನೇ ಪೌಲ್ ಪೋಪ್, ಅಮೆರಿಕದ ಮೂಲನಿವಾಸಿಗಳೂ ನಿಜವಾದ ಮನುಷ್ಯರೇ, ಧರ್ಮವನ್ನು ಗ್ರಹಿಸಬಲ್ಲವರು, ಅವರ ಸ್ವಾತಂತ್ರ್ಯವನ್ನೂ ಆಸ್ತಿಯನ್ನೂ ಕಸಿಯಬಾರದು ಎಂದು ಸಾರಿದ. ಗ್ರೆಗರಿ ತೀರಿಕೊಂಡು ಸಾವಿರದ ನೂರು ವರ್ಷ ದಾಟಿದ ಮೇಲೂ ಮನುಷ್ಯರನ್ನು ಮನುಷ್ಯರೆಂದು ಸಾರಬೇಕಾಗಿತ್ತು, ಅದೂ ಗ್ರಹಣಶಕ್ತಿಯ ರುಜುವಾತಿನ ಮೇಲೆ. ಅವರನ್ನು ದಾಸರನ್ನಾಗಿಸಿದವರಿಗೆ ಧರ್ಮಸಭೆಯಿಂದ ಬಹಿಷ್ಕಾರ ಎಂಬ ಶಿಕ್ಷೆಯನ್ನು ಅದರ ಜೊತೆಗೇ ವಿಧಿಸಲಾಗಿತ್ತು. ಮರುವರ್ಷ ಸ್ಪೇನಿನ ದೊರೆ ಐದನೇ ಚಾರ್ಲ್ಸ್‌ನ ಒತ್ತಡಕ್ಕೆ ಮಣಿದು ಅದೇ ಪೋಪ್ ಆ ಶಿಕ್ಷೆಯನ್ನು ಹಿಂತೆಗೆದುಕೊಂಡ.