503ರ ಹಿಂದೆ ಏನಿದೆ? ಅಪಾಚೆ–ಟಾಮ್‌ಕ್ಯಾಟ್ ಕೊಂಡಿಯ ವಿಮರ್ಶೆ

ಜಾವಾ ಭಾಷೆಯಲ್ಲಿ ಬರೆದ ಅನ್ವಯ ತಂತ್ರಾಂಶಗಳನ್ನು ನಡೆಸುವ ಟಾಮ್‌ಕ್ಯಾಟ್ ಸರ್ವರನ್ನು ನೇರವಾಗಿ ಅಂತರಜಾಲಕ್ಕೆ ಒಡ್ಡದೆ, ಅದರ ಮುಂದೆ ಅಪಾಚೆ ವೆಬ್ ಸರ್ವರನ್ನು ನಿಲ್ಲಿಸುವುದು ಬಹುಕಾಲದ ರೂಢಿ. ಬಳಕೆದಾರರ ಕೋರಿಕೆ ಮೊದಲು ಅಪಾಚೆಗೆ ಬರುತ್ತದೆ. ಚಿತ್ರ ಮುಂತಾದ ಸ್ಥಿರ ಕಡತಗಳನ್ನು ಅದೇ ಕಳುಹಿಸುತ್ತದೆ. ಜಾವಾ ಕೆಲಸವಿದ್ದರೆ ಹಿಂದಿನ ಟಾಮ್‌ಕ್ಯಾಟ್‌ಗೆ ದಾಟಿಸುತ್ತದೆ. ಎರಡೂ ಅಪಾಚೆ ಪ್ರತಿಷ್ಠಾನದ ಮುಕ್ತ ತಂತ್ರಾಂಶಗಳು, ಬಿಡಿಬಿಡಿಯಾಗಿ ಎರಡೂ ಗಟ್ಟಿ. ತಕರಾರು ಇರುವುದು ನಡುವಿನ ಕೊಂಡಿಯಲ್ಲಿ. ಅದು ಸರಿಯಿದ್ದಾಗ ಎಷ್ಟು ವೇಗ ಎಂಬುದನ್ನು ಎಲ್ಲರೂ ಬರೆಯುತ್ತಾರೆ. ಕೆಟ್ಟಾಗ ಅದು ನಮಗೆ ಏನು ಹೇಳುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ಈ ಕೊಂಡಿಯ ಹಳೆಯ ಭಾಷೆ ಎಜೆಪಿ, ಅಂದರೆ ಅಪಾಚೆ ಜೆಸರ್ವ್ ಪ್ರೋಟೊಕಾಲ್. ಸಾಮಾನ್ಯವಾಗಿ 8009ನೇ ಪೋರ್ಟಿನಲ್ಲಿ ನಡೆಯುತ್ತದೆ. ಇದರ ಮಿತವ್ಯಯ ಮೆಚ್ಚಬೇಕಾದದ್ದೇ. ‘ಗೆಟ್’ ಎಂಬ ಕೋರಿಕೆಯನ್ನು ಅಕ್ಷರಗಳಲ್ಲಿ ಬರೆಯದೆ 2 ಎಂಬ ಒಂದೇ ಬೈಟ್‌ನಲ್ಲಿ ಕಳುಹಿಸುತ್ತದೆ. ಪದೇ ಪದೇ ಬರುವ ಶಿರೋನಾಮಗಳಿಗೆ ಎರಡೆರಡೇ ಬೈಟ್. ಆದರೆ ಇದೇ ಕಾರಣದಿಂದ ಮನುಷ್ಯರ ಕಣ್ಣಿಗೆ ಅದು ಓದಲಾಗದ ಭಾಷೆ. 8009ನೇ ಪೋರ್ಟಿಗೆ ಬ್ರೌಸರ್ ಹಚ್ಚಿ ಪರೀಕ್ಷಿಸುವಂತಿಲ್ಲ. ಅದರ ವಿವರಣೆಯೂ ತಡವಾಗಿ ಬಂತು: 2000ದ ಡಿಸೆಂಬರಿನಲ್ಲಿ ಡಾನ್ ಮಿಲ್‌ಸ್ಟೀನ್ ಎಂಬವರು, ತಾವು ಇದರ ವಿನ್ಯಾಸಕಾರರಲ್ಲವೆಂದು ಹೇಳಿಕೊಂಡೇ, ಟಾಮ್‌ಕ್ಯಾಟ್ 3ರ ಆಕರ ಸಂಕೇತವನ್ನು ಓದಿ ವಿವರಣೆ ಬರೆದರು. ಶಾಸನ ಮೊದಲು, ವ್ಯಾಕರಣ ಆಮೇಲೆ!

ಈಗ ತೊಂದರೆಗೆ ಬರೋಣ. ಕೊಂಡಿ ಕಡಿದಾಗ ಬಳಕೆದಾರರಿಗೆ ಕಾಣುವುದು 503, ‘ಸೇವೆ ಲಭ್ಯವಿಲ್ಲ’ ಎಂಬ ಪುಟ. ಜ್ವರ ಎಂದರೆ ಯಾವ ರೋಗ ಎಂದು ಹೇಗೆ ತಿಳಿಯುವುದಿಲ್ಲವೋ ಹಾಗೆಯೇ ಇದು. ಟಾಮ್‌ಕ್ಯಾಟ್ ನಿಂತಿದ್ದರೂ 503. ಟಾಮ್‌ಕ್ಯಾಟ್ ಚೆನ್ನಾಗಿಯೇ ಇದ್ದು, ಲಿನಕ್ಸಿನ ಎಸ್‌ಇಲಿನಕ್ಸ್ ಎಂಬ ಕಾವಲು ವ್ಯವಸ್ಥೆ ಅಪಾಚೆಯನ್ನು ಹೊರಗೆ ಸಂಪರ್ಕಿಸಲು ಬಿಡದಿದ್ದರೂ 503. ಟಾಮ್‌ಕ್ಯಾಟ್ ಬೇರೆ ಯಂತ್ರದಲ್ಲಿದ್ದು ನಡುವಿನ ಫೈರ್‌ವಾಲ್ ಕೋರಿಕೆಯನ್ನು ಸದ್ದಿಲ್ಲದೆ ನುಂಗಿದರೂ ಅದೇ 503. ವ್ಯತ್ಯಾಸ ಇರುವುದು ಅಪಾಚೆಯ ದೋಷ ದಾಖಲೆಯ ಕಡತದಲ್ಲಿ ಮಾತ್ರ. ಮೊದಲನೆಯದಕ್ಕೆ 111, ‘ಸಂಪರ್ಕ ನಿರಾಕರಿಸಲಾಗಿದೆ’. ಎರಡನೆಯದಕ್ಕೆ 13, ‘ಅನುಮತಿ ಇಲ್ಲ’. ಮೂರನೆಯದಕ್ಕೆ ಕಾಲಮಿತಿ ಮೀರಿದ ಸೂಚನೆ. ಪುಟದಲ್ಲಿ ಕಂಡ 503ನ್ನು ನಂಬಿ ಟಾಮ್‌ಕ್ಯಾಟನ್ನು ಹತ್ತು ಸಲ ನಿಲ್ಲಿಸಿ ಹೊರಡಿಸಿದರೂ ಎಸ್‌ಇಲಿನಕ್ಸ್ ಕದಲುವುದಿಲ್ಲ.

ಇದಕ್ಕಿಂತ ಮೋಸದ್ದು ಒಂದು ನಿಮಿಷದ ಮೌನ. ಅಪಾಚೆಯ ಮಾಡ್-ಪ್ರಾಕ್ಸಿ ಘಟಕ ಒಮ್ಮೆ ಸಂಪರ್ಕ ಸಿಗದೆ ಹಿಂದಿರುಗಿತೆಂದರೆ, ಟಾಮ್‌ಕ್ಯಾಟ್ ಕೆಟ್ಟಿದೆ ಎಂದು ಗುರುತು ಹಾಕಿಕೊಂಡು ಸ್ವಲ್ಪ ಹೊತ್ತು ಆ ಕಡೆ ತಲೆ ಹಾಕುವುದಿಲ್ಲ. ‘ರಿಟ್ರೈ’ ಎಂಬ ಈ ಅವಧಿಯನ್ನು ನಾವು ಸೂಚಿಸದಿದ್ದರೆ ಅದು 60 ಸೆಕೆಂಡು. ಪ್ರಯೋಗಾಲಯದಲ್ಲಿ ಇದನ್ನು ಸುಲಭವಾಗಿ ತೋರಿಸಬಹುದು. ಟಾಮ್‌ಕ್ಯಾಟ್ ನಿಲ್ಲಿಸಿ ಪುಟ ಕೇಳಿ: 503. ಟಾಮ್‌ಕ್ಯಾಟನ್ನು ಹೊರಡಿಸಿ ಕೂಡಲೇ ಕೇಳಿ: ಮತ್ತೆ 503. ಈಗ ವಿದ್ಯಾರ್ಥಿ ಸಂರಚನಾ ಕಡತದಲ್ಲಿ ಏನೋ ಒಂದು ಸಾಲು ತಿದ್ದುತ್ತಾನೆ, ಇನ್ನೊಂದು ಸಾಲು ಅಳಿಸುತ್ತಾನೆ. ಅಷ್ಟರಲ್ಲಿ ನಿಮಿಷ ಕಳೆದು ಪುಟ ಬರುತ್ತದೆ; ತನ್ನ ತಿದ್ದುಪಡಿಯೇ ಮದ್ದು ಎಂದು ಅವನು ನಂಬುತ್ತಾನೆ. ಅಪಾಚೆಯನ್ನು ಮರುಚಾಲನೆ ಮಾಡದೆ ಆ ತಿದ್ದುಪಡಿ ಜಾರಿಗೇ ಬಂದಿರುವುದಿಲ್ಲ ಎಂಬುದು ಅವನಿಗೆ ಹೊಳೆಯುವುದಿಲ್ಲ! ನಿಯಂತ್ರಣವಿಲ್ಲದ ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಹೊರೆಯಲ್ಲಿ ನಲುಗಿದ ಸರ್ವರಿಗೆ ಬಿಡುವು ಕೊಡಲು ಈ ನಿಮಿಷ ಬೇಕು, ಒಪ್ಪೋಣ. ದೋಷ ಹುಡುಕುವಾಗ ಮಾತ್ರ ‘ರಿಟ್ರೈ’ಯನ್ನು ಸೊನ್ನೆ ಮಾಡಿಕೊಳ್ಳುವುದು ಲೇಸು.

ಮಾಡ್-ಜೆಕೆ ಎಂಬ ಇನ್ನೊಂದು ಕೊಂಡಿ ಬಳಸುವವರಿಗೆ ಬೇರೆ ಬಲೆಗಳಿವೆ. ಬಳಕೆಯಿಲ್ಲದ ಸಂಪರ್ಕವನ್ನು ಎಷ್ಟು ಹೊತ್ತಿಗೆ ಮುಚ್ಚಬೇಕೆಂದು ಎರಡೂ ಕಡೆ ಒಂದೇ ಅವಧಿ ಬರೆಯಬೇಕು. ಆದರೆ ಮಾಡ್-ಜೆಕೆಯ ಕಡತದಲ್ಲಿ ಅದು ಸೆಕೆಂಡು, ಟಾಮ್‌ಕ್ಯಾಟ್ ಕಡತದಲ್ಲಿ ಮಿಲಿಸೆಕೆಂಡು. ಹತ್ತು ನಿಮಿಷಕ್ಕೆ ಇಲ್ಲಿ 600, ಅಲ್ಲಿ 600000. ಏಕಮಾನ ಬರೆಯದ ಉತ್ತರಕ್ಕೆ ಅಂಕ ಕಡಿಯುವ ಭೌತಶಾಸ್ತ್ರದ ಮೇಷ್ಟರು ಇದನ್ನು ನೋಡಿದರೆ ಏನೆಂದಾರು?

ಇನ್ನು 2020ರ ಫೆಬ್ರವರಿಯ ಪ್ರಕರಣ. ಅಲ್ಲಿಯವರೆಗೆ ಟಾಮ್‌ಕ್ಯಾಟ್ ಸ್ಥಾಪಿಸಿದೊಡನೆ ಎಜೆಪಿ ತಾನಾಗಿ ತೆರೆದುಕೊಂಡು, ಯಂತ್ರದ ಎಲ್ಲ ಜಾಲ ವಿಳಾಸಗಳಲ್ಲೂ ಕಿವಿಗೊಟ್ಟು ಕೂರುತ್ತಿತ್ತು. ಎದುರಿಗಿರುವುದು ನಂಬಿಕಸ್ಥ ಅಪಾಚೆಯೇ ಎಂದು ಅದರ ಎಣಿಕೆ. 8009ನೇ ಪೋರ್ಟ್ ಹೊರಗಿನವರಿಗೆ ಎಟುಕಿದರೆ ಅವರು ಅನ್ವಯದ ಒಳಗಿನ ಕಡತಗಳನ್ನೇ ಓದಬಹುದೆಂದು ಆಗ ಬಯಲಾಯಿತು. ‘ಗೋಸ್ಟ್‌ಕ್ಯಾಟ್’ ಎಂಬ ಹೆಸರೂ ಬಂತು. 9.0.31, 8.5.51, 7.0.100 ಆವೃತ್ತಿಗಳಲ್ಲಿ ಬಾಗಿಲು ಬಿಗಿಯಾಯಿತು: ಎಜೆಪಿ ತಾನಾಗಿ ತೆರೆಯದು, ತೆರೆದರೂ ಸ್ವಂತ ಯಂತ್ರಕ್ಕೆ ಮಾತ್ರ ಓಗೊಡುತ್ತದೆ, ಜೊತೆಗೆ ‘ಸೀಕ್ರೆಟ್’ ಎಂಬ ಗುಟ್ಟಿನ ಪದ ಕೇಳುತ್ತದೆ. ಬೇಕಾದ ಬದಲಾವಣೆಯೇ. ಆದರೆ ಇದು ಬಂದದ್ದು ಆವೃತ್ತಿ ಸಂಖ್ಯೆಯ ಕೊನೆಯ ಅಂಕೆಯಲ್ಲಿ. ಚಿಕ್ಕ ದುರಸ್ತಿ ಎಂದು ಭಾವಿಸಿ ಹಳೆಯ ಸಂರಚನೆಯೊಂದಿಗೆ ನವೀಕರಿಸಿದವರ ಕೊಂಡಿ ಕಡಿಯಿತು. ಅಪಾಚೆಯ ಎಜೆಪಿ ಘಟಕಕ್ಕೆ ಆ ಗುಟ್ಟಿನ ಪದ ಕಳುಹಿಸಲು ಬಂದದ್ದು 2.4.42ನೇ ಆವೃತ್ತಿಯಲ್ಲಿ. ಒಂದು ಮೆಚ್ಚುಗೆ ಸಲ್ಲಬೇಕು: ಗುಟ್ಟಿನ ಪದ ಕೊಡಲಿಲ್ಲವೆಂದು ಟಾಮ್‌ಕ್ಯಾಟಿನ ದಾಖಲೆ ಈ ಸಲ ನೇರವಾಗಿ ಹೇಳುತ್ತದೆ.

ಹೊಸದಾಗಿ ಕಟ್ಟುವವರಿಗೆ ನಾನು ಹೇಳುವುದು ಎಜೆಪಿ ಬಿಟ್ಟು ಎಚ್‌ಟಿಟಿಪಿಯಲ್ಲೇ ಎರಡನ್ನೂ ಜೋಡಿಸಿ ಎಂದು. ನಷ್ಟವಿಲ್ಲದೆ ಇಲ್ಲ. ಬಳಕೆದಾರರ ನಿಜ ವಿಳಾಸ, ಸುರಕ್ಷಿತ ಸಂಪರ್ಕದ ವಿವರ ಇವನ್ನು ಎಜೆಪಿ ತಾನೇ ಹೊತ್ತು ತರುತ್ತದೆ. ಎಚ್‌ಟಿಟಿಪಿಯಲ್ಲಿ ಇದಕ್ಕೆ ಬೇರೆ ಶಿರೋನಾಮಗಳು ಬೇಕು, ಟಾಮ್‌ಕ್ಯಾಟ್ ಅವನ್ನು ಓದುವಂತೆ ‘ರಿಮೋಟ್ ಐಪಿ ವಾಲ್ವ್’ ಕೂಡಿಸಬೇಕು. ಆದರೆ ಕೊಂಡಿ ಕೆಟ್ಟ ದಿನ, ಸರ್ವರ್ ಯಂತ್ರದಲ್ಲೇ ಕುಳಿತು ‘ಕರ್ಲ್’ ಆದೇಶದಿಂದ 8080ನೇ ಪೋರ್ಟನ್ನು ನೇರವಾಗಿ ಕೇಳಬಹುದು. ಪುಟ ಬಂದರೆ ಟಾಮ್‌ಕ್ಯಾಟ್ ಸರಿ, ದೋಷ ಮುಂದಿದೆ, ಬರದಿದ್ದರೆ ಹಿಂದಿದೆ.