ಸದ್ದು ಅಡಗಿಸುವವರು, ಸದ್ದು ಆಲಿಸುವವರು

ಜಾನ್ ಸ್ಟೈನ್‌ಬೆಕ್‌ನ ‘ದ ಗ್ರೇಪ್ಸ್ ಆಫ್ ರಾತ್’ (1939) ಓದಿದವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಉಳಿಯುವುದು ಓಕ್ಲಹೋಮಾದ ಧೂಳು, ಕೇಸಿಯ ಮಾತುಗಳು ಮತ್ತು ಹಸಿದ ಅಪರಿಚಿತನಿಗೆ ರೋಸ್ ಆಫ್ ಶೇರನ್ ಎದೆಹಾಲು ಕೊಡುವ ಕೊನೆಯ ದೃಶ್ಯ. ಹದಿನಾರನೆಯ ಅಧ್ಯಾಯದಲ್ಲಿ ಅಣ್ಣತಮ್ಮಂದಿರಿಬ್ಬರು ಹಳೆಯ ಡಾಡ್ಜ್ ಕಾರಿನ ಎಂಜಿನ್ ಬಿಚ್ಚುವ ಪುಟಗಳನ್ನು ನಾವು ಬೇಗಬೇಗ ದಾಟಿಬಿಡುತ್ತೇವೆ. ಮೊದಲ ಓದಿನಲ್ಲಿ ನಾನೂ ಹಾಗೆಯೇ ದಾಟಿದ್ದೆ. ಆದರೆ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಪಾರೋತಿ, ಸರಸೋತಿಯರ ದುಡಿಮೆಯನ್ನು ಬರಿಯ ವಿವರವೆಂದು ಬದಿಗಿಟ್ಟರೆ ಕಾದಂಬರಿಯೇ ಕೈಜಾರುತ್ತದೆ. ಇಲ್ಲಿಯೂ ಹಾಗೆಯೇ. ಸ್ಟೈನ್‌ಬೆಕ್‌ನ ನೈತಿಕ ವಾದ ಕೇಸಿಯ ಮಾತಿಗಿಂತ ಗಟ್ಟಿಯಾಗಿ ನಿಂತಿರುವುದು ಆ ಗ್ರೀಸು ಮೆತ್ತಿದ ಪುಟಗಳಲ್ಲಿ.

ರಿಪೇರಿಯ ಕಥೆ ಶುರುವಾಗುವುದು ಏಳನೆಯ ಅಧ್ಯಾಯದಲ್ಲಿ, ಹಳೆಯ ಕಾರು ಮಾರುವವರ ಅಂಗಳದಲ್ಲಿ. ನೆಲ ಕಳೆದುಕೊಂಡ ರೈತರಿಗೆ ಕ್ಯಾಲಿಫೋರ್ನಿಯಾ ಸೇರಲು ಏನಾದರೊಂದು ಗಾಡಿ ಬೇಕು. ಮಾರುವವರು ಸವೆದ ಗೇರುಗಳ ಒಳಗೆ ಮರದ ಹೊಟ್ಟು ತುಂಬಿ ಸದ್ದು ಅಡಗಿಸುತ್ತಾರೆ. ಒಳ್ಳೆಯ ಬ್ಯಾಟರಿ ತೆಗೆದು ಬಿರುಕುಬಿಟ್ಟದ್ದನ್ನು ಕೂರಿಸುತ್ತಾರೆ. ಇಲ್ಲಿ ವಾಕ್ಯಗಳು ತುಂಡುತುಂಡಾಗಿ, ಹರಾಜಿನ ಕೂಗಿನಂತೆ ಬರುತ್ತವೆ. ಯೋಚಿಸಲು ರೈತನಿಗೂ ಬಿಡುವಿಲ್ಲ, ಓದುಗನಿಗೂ ಇಲ್ಲ. ಯಂತ್ರದ ಬಗ್ಗೆ ಈ ಮಾರಾಟಗಾರರಿಗೂ ತಿಳಿವಳಿಕೆ ಇದೆ, ಆದರೆ ಅದು ರೋಗವನ್ನು ಮುಚ್ಚಿಡುವ ತಿಳಿವಳಿಕೆ.

ಇದಕ್ಕೆ ಎದುರಾಗಿ ನಿಲ್ಲುವವನು ಜೋಡ್ ಕುಟುಂಬದ ಹದಿನಾರರ ಹುಡುಗ ಆಲ್. ಹಡ್ಸನ್ ಸೂಪರ್ ಸಿಕ್ಸ್ ಕಾರನ್ನು ಆರಿಸಿದವನು ಅವನೇ. ಅದರ ಹಿಂಭಾಗವನ್ನು ಕತ್ತರಿಸಿ ಟ್ರಕ್ಕಾಗಿ ಮಾಡಿಕೊಂಡಿದ್ದಾರೆ. ಅದನ್ನೇ ಏಕೆ ಆರಿಸಿದೆ ಎಂದರೆ ಅವನ ಉತ್ತರ ಸರಳ: ಇಂಥವು ಗುಜರಿಗಳಲ್ಲಿ ಬೇಕಾದಷ್ಟು ಬಿದ್ದಿವೆ, ಬಿಡಿಭಾಗ ಅಗ್ಗಕ್ಕೆ ಸಿಗುತ್ತವೆ. ಕಾರು ಕೆಟ್ಟೇ ಕೆಡುತ್ತದೆ ಎಂದು ಮೊದಲೇ ಒಪ್ಪಿಕೊಂಡವನ ಆಯ್ಕೆ ಇದು. ಗಾಡಿ ಓಡಿಸುವಾಗ ಅವನ ಇಡೀ ಮೈ ಕಿವಿಯಾಗಿರುತ್ತದೆ.

ಹೀಗೆ ಕಿವಿಗೊಡುವುದಕ್ಕೆ ಕಾರಣವಿತ್ತು. ಆ ಕಾಲದ ಎಂಜಿನ್‌ಗಳಲ್ಲಿ ಕನೆಕ್ಟಿಂಗ್ ರಾಡಿನ ಬೇರಿಂಗ್ ಎಂದರೆ ಬ್ಯಾಬಿಟ್ ಎಂಬ ಮೆದು ಲೋಹದ ಎರಕ. ಆಯಿಲ್ ಸಾಲದೆ ಬಿಸಿಯೇರಿದರೆ ಅದು ಕರಗುತ್ತದೆ, ಸಡಿಲಗೊಂಡ ರಾಡು ಬಡಿಯತೊಡಗುತ್ತದೆ. ಆ ಬಡಿತ ಕೇಳಿಯೂ ಗಾಡಿ ನಿಲ್ಲಿಸದಿದ್ದರೆ ಕ್ರ್ಯಾಂಕ್‌ಶಾಫ್ಟ್ ಹಾಳಾಗುತ್ತದೆ. ನ್ಯೂ ಮೆಕ್ಸಿಕೋದ ರಸ್ತೆಯಲ್ಲಿ, ಜೊತೆಗೆ ಬಂದ ವಿಲ್ಸನ್ ದಂಪತಿಗಳ ಡಾಡ್ಜ್ ಅನ್ನು ಆಲ್ ಓಡಿಸುತ್ತಿರುವಾಗ ಕೇಳಿಬರುವುದು ಇಂಥ ಬಡಿತವೇ.

ಉಳಿದವರು ಟ್ರಕ್ಕಿನಲ್ಲಿ ಮುಂದೆ ಹೋಗಲಿ, ನಾನು ಮತ್ತು ಕೇಸಿ ಕಾರು ಸರಿಮಾಡಿಕೊಂಡು ಬರುತ್ತೇವೆ ಎಂದು ಟಾಮ್ ಸೂಚಿಸುತ್ತಾನೆ. ಲೆಕ್ಕ ಸರಿಯಾಗಿಯೇ ಇದೆ, ಅಪ್ಪನೂ ಒಪ್ಪುತ್ತಾನೆ. ಆಗ ಅಮ್ಮ ಜಾಕ್ ರಾಡು ಹಿಡಿದು ನಿಲ್ಲುತ್ತಾಳೆ. ಮನೆ ಹೋಯಿತು, ನೆಲ ಹೋಯಿತು, ಇನ್ನು ಕುಟುಂಬವೂ ಒಡೆಯಬೇಕೆ ಎಂಬುದು ಅವಳ ವಾದ. ಅಪ್ಪ ಸೋಲುತ್ತಾನೆ. ಮನೆಯ ಯಜಮಾನಿಕೆ ಗಂಡಿನಿಂದ ಹೆಣ್ಣಿಗೆ ದಾಟುವುದು ಕೆಟ್ಟುನಿಂತ ಕಾರಿನ ಪಕ್ಕದಲ್ಲಿ, ಅದನ್ನೇ ಎತ್ತಬೇಕಾದ ಸಲಕರಣೆಯಿಂದ. ಆದರೆ ಒಂದು ಕೊರತೆಯನ್ನೂ ಹೇಳಬೇಕು: ಸ್ಟೈನ್‌ಬೆಕ್ ಹೆಣ್ಣಿನ ಕೈಗೆ ಸಲಕರಣೆ ಕೊಡುವುದು ಆಯುಧವಾಗಿ ಮಾತ್ರ. ರಿಪೇರಿ ಅವನಿಗೆ ಗಂಡಸರ ಲೋಕವೇ.

ಆಮೇಲಿನ ಪುಟಗಳಲ್ಲಿ ವಾಕ್ಯಗಳ ನಡಿಗೆ ನಿಧಾನವಾಗುತ್ತದೆ. ಗುಜರಿಯಲ್ಲಿ ಅದೇ ಮಾದರಿಯ ಡಾಡ್ಜ್ ಹುಡುಕಿ ರಾಡು, ಪಿಸ್ಟನ್ ಬಿಚ್ಚಿ ತರುತ್ತಾರೆ. ಪಿಸ್ಟನ್ ರಿಂಗ್‌ಗಳನ್ನು ಬಿಗಿಹಿಡಿಯುವ ಪಟ್ಟಿ ಇಲ್ಲದ್ದಕ್ಕೆ ತೆಳುವಾದ ಹಿತ್ತಾಳೆ ತಂತಿ ಸುತ್ತಿ ಸಿಲಿಂಡರಿಗೆ ಇಳಿಸುತ್ತಾರೆ. ಕಬ್ಬಿಣಕ್ಕಿಂತ ಹಿತ್ತಾಳೆ ಮೆದು, ಸಿಲಿಂಡರಿನ ಗೋಡೆ ಗೀರುವ ಭಯ ಕಡಿಮೆ. ಕೈಗೆ ಗಾಯವಾದಾಗ ಟಾಮ್ ಮೂತ್ರದಲ್ಲಿ ಕಲಸಿದ ಮಣ್ಣನ್ನೇ ಮೆತ್ತಿಕೊಂಡು ಕೆಲಸ ಮುಂದುವರಿಸುತ್ತಾನೆ. ಯಾರೂ ಇಲ್ಲಿ ಘನತೆಯ ಬಗ್ಗೆ ಮಾತಾಡುವುದಿಲ್ಲ, ಆದರೂ ಬೀದಿಗೆ ಬಿದ್ದ ಈ ಜನ ಭಿಕ್ಷುಕರಲ್ಲ ಎಂದು ನಮಗೆ ಮನವರಿಕೆಯಾಗುವುದು ಈ ಹೊತ್ತಿನಲ್ಲೇ.

ಇಂದು ಅಮೆರಿಕದಲ್ಲಿ ಅಂಥ ಹಳೆಯ ಗಾಡಿಗಳನ್ನು ಮನೆಯ ಗ್ಯಾರೇಜಿನಲ್ಲಿ ಬಿಚ್ಚಿ ಜೋಡಿಸುವುದು ಬಹುಮಟ್ಟಿಗೆ ಪ್ರೀತಿಯ ಹವ್ಯಾಸ. ಮೈಕಲ್ ಪೆರ‍್ರಿಯ ‘ಟ್ರಕ್: ಎ ಲವ್ ಸ್ಟೋರಿ’ (2006) ಅಂಥದೊಂದು ಪುಸ್ತಕ. 1951ರ ಇಂಟರ್‌ನ್ಯಾಷನಲ್ ಪಿಕಪ್ಪನ್ನು ಮತ್ತೆ ಓಡುವಂತೆ ಮಾಡುವ ಕೆಲಸ ಅಲ್ಲಿ ಕೈತೋಟ, ಪ್ರೇಮ, ಮದುವೆಗಳ ಜೊತೆಗೆ ಸಾಗುತ್ತದೆ. ಆ ಟ್ರಕ್ಕು ಓಡದಿದ್ದರೆ ಅಂಗಳದಲ್ಲಿ ನಿಂತಿರುತ್ತದೆ, ಅಷ್ಟೇ. ಜೋಡ್‌ಗಳ ಗಾಡಿ ಓಡದಿದ್ದರೆ ಕುಟುಂಬವೇ ಚೂರಾಗುತ್ತದೆ. ಗ್ಯಾರೇಜಿನ ನೆಮ್ಮದಿಯಲ್ಲಿ ಕೂತು ಹದಿನಾರನೆಯ ಅಧ್ಯಾಯವನ್ನು ಸ್ವಾವಲಂಬನೆಯ ಸ್ತೋತ್ರವೆಂದು ಓದುವುದು ಸುಲಭ. ಆದರೆ ಹಾಗೆ ಓದಿದರೆ ಒಬ್ಬ ಮನುಷ್ಯ ತಪ್ಪಿಹೋಗುತ್ತಾನೆ.

ಅವನು ಗುಜರಿಯಲ್ಲಿ ಕೂಲಿಗಿರುವ ಒಕ್ಕಣ್ಣ. ಮಾಲೀಕನ ಮೇಲಿನ ಸಿಟ್ಟಿಗೆ ಬಿಡಿಭಾಗವನ್ನು ಅಗ್ಗಕ್ಕೇ ಕೊಡುತ್ತಾನೆ, ತನ್ನ ದುಃಖ ತೋಡಿಕೊಳ್ಳುತ್ತಾನೆ. ಟಾಮ್ ಅವನನ್ನು ಗದರಿಸುತ್ತಾನೆ: ಮುಖ ತೊಳೆದುಕೋ, ಕಣ್ಣಿಗೆ ಪಟ್ಟಿ ಕಟ್ಟಿಕೋ, ನಿನ್ನ ಮೇಲೆ ನೀನೇ ಮರುಗುವುದನ್ನು ಬಿಡು. ಬುದ್ಧಿಮಾತೇನೋ ಸರಿ. ಆದರೆ ಬೇರಿಂಗಿನ ಬಡಿತಕ್ಕೆ ಕೊಟ್ಟ ಕಿವಿಯನ್ನು ಟಾಮ್ ಈ ಮನುಷ್ಯನಿಗೆ ಕೊಡುವುದಿಲ್ಲ. ಅವನ ದುಃಖವೂ ಗೇರಿನ ಸದ್ದಿನ ಹಾಗೆ ಅಡಗಿದರೆ ಸಾಕು ಎಂಬಂತೆ ನಡೆದುಕೊಳ್ಳುತ್ತಾನೆ.

ಅಣ್ಣತಮ್ಮಂದಿರು ಹೊರಟುಹೋದ ಮೇಲೆ ಸ್ಟೈನ್‌ಬೆಕ್ ಅವರ ಹಿಂದೆ ಓಡುವುದಿಲ್ಲ, ಒಂದು ಕ್ಷಣ ಗುಜರಿಯಲ್ಲೇ ಉಳಿಯುತ್ತಾನೆ. ಒಕ್ಕಣ್ಣ ಕತ್ತಲೆಯಲ್ಲಿ ತಡವರಿಸಿಕೊಂಡು ಹೋಗಿ, ನೆಲದ ಮೇಲಿನ ಹಾಸಿಗೆಯಲ್ಲಿ ಮಲಗಿ ಅಳುತ್ತಾನೆ. ಟಾಮ್‌ಗೆ ಕೇಳದ ಆ ಸದ್ದನ್ನು ಕಾದಂಬರಿಕಾರ ಕೇಳಿಸಿಕೊಂಡು ನಮ್ಮ ಕಿವಿಗೂ ಹಾಕುತ್ತಾನೆ. ಹದಿನಾರನೆಯ ಅಧ್ಯಾಯವನ್ನು ಅವಸರದಲ್ಲಿ ದಾಟುವವರು ಕಳೆದುಕೊಳ್ಳುವುದು ಇದನ್ನೇ.